ಗಂಗೊಳ್ಳಿ ಕಾಣುವ ದುರ್ಬೀನು, ಗೆರಟೆ ಕಾಣದ ಗುರಿ

ಕೋವಿ ಅಂಗಡಿಯ ಕೌಂಟರಿನ ಹಿಂದೆ ಹೆಂಗಸು ಕೂತಿದ್ದರೆ ಗಿರಾಕಿ ಮೊದಲು ನೋಡುವುದು ಅವಳನ್ನಲ್ಲ, ಅವಳ ಹಿಂದಿನ ಗೋಡೆಯನ್ನು. ಅಲ್ಲಿ ಕೋವಿಗಳ ಸಾಲಿನಲ್ಲಿ ಒಬ್ಬ ಗಂಡಸೂ ನೇತಾಡುತ್ತಿರಬಹುದೆಂಬ ಆಸೆ ಅವನಿಗೆ.

"ಗಂಡ್ಸ್ರ್ ಯಾರೂ ಇಲ್ಯಾ?"

"ಇದ್ರ್. ಒಳಗೆ ಮಲ್ಗಿದ್ರ್. ಎಬ್ಬಿಸ್ಕಾ?"

ಒಳಗೆ ಮಲಗಿದ್ದವರು ಧಣಿಗಳು, ಎಂದರೆ ಅಂಗಡಿಯ ಯಜಮಾನರು. ಅವರು ಎದ್ದು ಬಂದು, ಪಂಚೆ ಸರಿಮಾಡಿಕೊಂಡು, "ಎಂತ ಇದ್ರೂ ವನಜನ ಹತ್ರವೇ ಕೇಣಿ. ನಂಗೆ ಕಣ್ಣ್ ಸಮಾ ಕಾಂತಿಲ್ಲೆ" ಎಂದು ಹೇಳಿ ಮತ್ತೆ ಹೋಗಿ ಮಲಗುತ್ತಿದ್ದರು. ನನಗೆ ಸಿಕ್ಕಿದ ನೇಮಕಾತಿ ಆದೇಶ ಅದೊಂದೇ. ಲೈಸೆನ್ಸ್ ನವೀಕರಣದ ಅರ್ಜಿ ಟೈಪು ಮಾಡಲು ಸೇರಿದವಳು ನಾನು. ಅರ್ಜಿ ಟೈಪು ಮಾಡುತ್ತ ಮಾಡುತ್ತ ಕೋವಿ ಬಿಚ್ಚುವುದು, ಜೋಡಿಸುವುದು, ಎಣ್ಣೆ ಹಚ್ಚುವುದು ಕಲಿತೆ. ಕೊನೆಗೆ ಕೋವಿಯ ಮೇಲೆ ಕೂರಿಸುವ ದುರ್ಬೀನು, ಅಂದರೆ ಸ್ಕೋಪು, ಮಾರುವುದೂ ನನ್ನ ಪಾಲಿಗೆ ಬಂತು. ಬಡ್ತಿ ಗಿಡ್ತಿ ಏನೂ ಇರಲಿಲ್ಲ. ಕುರ್ಚಿ ಮಾತ್ರ ಒಮ್ಮೆ ಬದಲಾಯಿತು, ಹಳೆಯದರ ಕಾಲು ಮುರಿದದ್ದರಿಂದ.

ಈಗ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೇನೆ. ಈ ವ್ಯಾಪಾರಕ್ಕೆ ಹೊಸದಾಗಿ ಸೇರುವವರು ಫೋನು ಮಾಡಿ ಕೇಳುವ ಪ್ರಶ್ನೆ ಒಂದೇ. ಪಾಯಿಂಟ್ ಟೂ ಟೂ ರೈಫಲಿಗೆ, ನಮ್ಮೂರ ಬಾಯಲ್ಲಿ ಟೂಟೂ ಕೋವಿಗೆ, ಹತ್ತಿರದ ಗುರಿಗೆ, ಕಡಿಮೆ ದರದಲ್ಲಿ ಯಾವ ಸ್ಕೋಪು ಕೊಡುವುದು? ಉತ್ತರ ಒಂದು ವಾಕ್ಯದಲ್ಲಿ ಮುಗಿಯುತ್ತದೆ: ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವ, ಹತ್ತಿರದ ಗುರಿಗೆಂದೇ ಹೊಂದಿಸಿದ, ಕೋವಿಗೆ ಬಿಗಿಯುವ ಗಟ್ಟಿ ಬಳೆಗಳ ಮೇಲೆ ಕೂರುವ ಸಣ್ಣ ಸ್ಕೋಪು. ಆದರೆ ಆ ಒಂದು ವಾಕ್ಯವನ್ನು ಗಿರಾಕಿಗೆ ಒಪ್ಪಿಸಲು ನನ್ನ ಇಡೀ ಉದ್ಯೋಗಜೀವನ ಸಾಕಾಗಲಿಲ್ಲ. ಹಾಗಾಗಿ ಉತ್ತರಕ್ಕಿಂತ ಗಿರಾಕಿಯ ವಿಷಯವನ್ನೇ ಬರೆಯುತ್ತೇನೆ.

ಮೊದಲು ಲೈಸೆನ್ಸಿನ ಮಾತು. ನಮ್ಮ ಕಡೆ ಹೆಚ್ಚಿನವರ ಕೋವಿ ಬೆಳೆ ರಕ್ಷಣೆಗೆಂದು ಇರುವುದು. ಹಂದಿ ಬಂದರೆ ಹೆದರಿಸಲಿಕ್ಕೆ. ಯಾರನ್ನು ಕೇಳಿದರೂ ಅದೇ ಪಾಠ, "ಬರೀ ಹೆದ್ರ್ಸುಕೆ ಅಕ್ಕ, ಹೊಡುಕಲ್ಲ." ಇಷ್ಟು ಹೇಳಿದ ಬಾಯಲ್ಲೇ, "ಕತ್ಲೆಗೂ ಕಾಂಬ ದುರ್ಬೀನ್ ಇತ್ತಾ?" ಎಂದು ಕೇಳುತ್ತಾರೆ. ಹೆದರಿಸಲಿಕ್ಕೆ ಢಂ ಎಂಬ ಸದ್ದು ಸಾಕು. ಹಂದಿಯ ಯಾವ ಕಿವಿಗೆ ಹೆದರಿಕೆ ಹಾಕಬೇಕೆಂದು ದುರ್ಬೀನಿನಲ್ಲಿ ನೋಡಿ ಆರಿಸಬೇಕಾಗಿಲ್ಲವಲ್ಲ! ಇಂಥವರಿಗೆ ನಾನು ಕಾನೂನಿನ ಪಾಠ ಹೇಳಿ ಕಳಿಸುತ್ತಿದ್ದೆ. ಅವರು ನನ್ನನ್ನು ಬೈದುಕೊಂಡು ಹೋಗುತ್ತಿದ್ದರು. ಧಣಿಗಳು ಒಳಗಿಂದ ಕೆಮ್ಮುತ್ತಿದ್ದರು. ಆ ಕೆಮ್ಮು ನನಗಿದ್ದ ಎಚ್ಚರಿಕೆ, ವ್ಯಾಪಾರ ಕೆಡಿಸಬೇಡ ಎಂದು.

ನ್ಯಾಯವಾಗಿ ಸ್ಕೋಪು ಬೇಕಾದವರೂ ಇದ್ದರು. ಹಾಲಾಡಿ ರಸ್ತೆಯಲ್ಲಿ ಒಳಗೆ ಹೋದರೆ ಒಂದು ಹಳೆಯ ಕೆಂಪುಕಲ್ಲಿನ ಕೋರೆ ಇದೆ. ಕಲ್ಲು ತೆಗೆದು ತೆಗೆದು ಮೂರು ಕಡೆ ಗೋಡೆ ಎದ್ದ ಆ ಗುಂಡಿಯಲ್ಲೇ, ಅನುಮತಿ ಪಡೆದು, ಊರಿನ ಶೂಟಿಂಗ್ ಕ್ಲಬ್ಬಿನವರು ಗುರಿ ಅಭ್ಯಾಸ ಮಾಡುತ್ತಿದ್ದರು. ಟೂಟೂ ಕೋವಿ ಮಾತ್ರ. ಹಗ್ಗಕ್ಕೆ ತೆಂಗಿನ ಗೆರಟೆ, ಅಂದರೆ ಖಾಲಿ ಚಿಪ್ಪು, ಕಟ್ಟಿ ಇಳಿಬಿಡುವುದು, ಇಪ್ಪತ್ತೈದು ಮೀಟರಿನಿಂದ ಒಡೆಯುವುದು. ಅದಕ್ಕಿಂತ ದೂರ ಹೋಗೋಣವೆಂದರೆ ಕೋರೆಗೇ ಜಾಗ ಇರಲಿಲ್ಲ.

ಇಷ್ಟು ಸಣ್ಣ ಜಾಗದಲ್ಲಿ ಹೊಡೆಯುವವರು ಸ್ಕೋಪು ಆರಿಸುತ್ತಿದ್ದದ್ದು ಹೇಗೆ ಗೊತ್ತೇ? ನಮ್ಮ ಕುಂದಾಪುರದ ಅಂಗಡಿಯ ಹಿಂಬಾಗಿಲು ಹೊಳೆಯ ಕಡೆಗೆ. ಆಚೆ ದಡದಲ್ಲಿ ಗಂಗೊಳ್ಳಿ ಬಂದರು, ಸಾಲು ಸಾಲು ಬೋಟು. ಪ್ರತಿಯೊಬ್ಬ ಗಿರಾಕಿಯೂ ಸ್ಕೋಪು ಕೈಗೆ ಕೊಟ್ಟ ತಕ್ಷಣ ಕೇಳದೆಯೇ ಸೀದಾ ಹಿಂಬಾಗಿಲಿಗೆ ನಡೆಯುತ್ತಿದ್ದ. ಇದು ನಾನು ಸೇರುವ ಮೊದಲಿನಿಂದ ಬಂದ ಪದ್ಧತಿ. ಒಂದು ಕಣ್ಣು ಮುಚ್ಚಿ ಬೋಟಿನ ಹೆಸರು ಓದಬೇಕು. ಹೆಸರು ಓದಲಿಕ್ಕಾದರೆ ಸ್ಕೋಪು ಪಾಸು, ಆಗದಿದ್ದರೆ ಫೇಲು. ಬೋಟಿನ ಹೆಸರಷ್ಟೇ ಅಲ್ಲ, ಅದರ ಮೇಲೆ ಬಲೆ ಸರಿಮಾಡುತ್ತಿದ್ದವನ ಅಂಗಿಯ ಗುಂಡಿ ಕಂಡರೆ ಇನ್ನೂ ಒಳ್ಳೆಯದು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕೂಡ ತೋಟೆಗಳ, ಅಂದರೆ ಗುಂಡುಗಳ, ಲೆಕ್ಕ ನೋಡುವುದನ್ನು ಬಿಟ್ಟು, ನಮ್ಮ ಅತಿ ದೊಡ್ಡ ಸ್ಕೋಪಿನಲ್ಲಿ ಯಾವ ಬೋಟಿಗೆ ಯಾವ ಮೀನು ಬಿದ್ದಿದೆಯೆಂದು ನೋಡುತ್ತ ನಿಂತರು. ಹೋಗುವಾಗ "ಬಂಗುಡೆ ಕಡಿಮೆ ಇವತ್ತು" ಎಂದರು. ನಮ್ಮ ದಾಸ್ತಾನಿನ ಬಗ್ಗೆ ಏನೂ ಹೇಳಲಿಲ್ಲ.

ಹೀಗೆ ಹೊಳೆ ದಾಟಿ ನೋಡಿ ಕೊಂಡ ಸ್ಕೋಪನ್ನು ಕೋರೆಗೆ ಒಯ್ದು ಗೆರಟೆಯ ಕಡೆ ತಿರುಗಿಸಿದರೆ ಏನು ಕಾಣಬೇಕು? ಮಂಜು. ದೂರದ ಗುರಿಗೆಂದು ಮಾಡಿದ ಸ್ಕೋಪಿನಲ್ಲಿ ಹತ್ತಿರದ್ದು ಮಸುಕಾಗುತ್ತದೆ. ಕಣ್ಣು ಚೂರು ಆಚೀಚೆ ಆದರೂ ಗುರಿ ಹಿಡಿಯಲೆಂದು ಸ್ಕೋಪಿನೊಳಗಿರುವ ಅಡ್ಡ ಉದ್ದ ಗೆರೆಗಳು ಗುರಿಯ ಮೇಲೆ ಜಾರುತ್ತವೆ, ಕೋವಿ ಅಲ್ಲಾಡದಿದ್ದರೂ. ಮೂವತ್ತು ಪಟ್ಟು ದೊಡ್ಡದು ಮಾಡುವ ಸ್ಕೋಪಾದರೆ ಗೆರಟೆ ಎಲ್ಲಿದೆಯೆಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಕಾಣುವುದು ಕೆಂಪುಕಲ್ಲು, ಕೆಂಪುಕಲ್ಲು, ಮತ್ತೆ ಕೆಂಪುಕಲ್ಲು. ಮಾರನೆಯ ದಿನ ಗಿರಾಕಿ ಅಂಗಡಿಗೆ ಬಂದು, "ಎಂತ ಪೀಸ್ ಕೊಟ್ಟದ್ದ್ ಮಾರಾಯ್ತಿ? ಎದ್ರ್ ಇಪ್ಪ ಗೆರಟೆಯೇ ಕಾಂತಿಲ್ಲೆ!" ಎಂದು ರೇಗುತ್ತಿದ್ದ. ನಾನು, "ಗೆರಟೆಯನ್ನ್ ಗಂಗೊಳ್ಳಿಯಗ್ ಕಟ್ಟಿ, ಕಾಂತ್" ಎನ್ನುತ್ತಿದ್ದೆ. ಧಣಿಗಳು ಕೆಮ್ಮುತ್ತಿದ್ದರು.

ಧಣಿಗಳಿಗೆ ಈ ಹಿಂಬಾಗಿಲ ಪರೀಕ್ಷೆ ಬಹಳ ಪ್ರೀತಿ. ಅವರ ಪ್ರಕಾರ ಗಿರಾಕಿಗೆ ಬೇಕಾದದ್ದು ಸ್ಕೋಪಲ್ಲ, ಸಂತೋಷ. "ಅವಂಗೆ ಬೋಟ್ ಕಂಡ್ರೆ ಖುಷಿ ಆತ್ತ್. ನೀ ಎಂತಕ್ಕೆ ಅವ್ನ್ ಖುಷಿಗ್ ಅಡ್ಡ ಬಪ್ದ್?" ಎಂದು ನನಗೆ ಬುದ್ಧಿ ಹೇಳುತ್ತಿದ್ದರು. ಅವರು ಕೆಟ್ಟವರಲ್ಲ. ಯಾರಿಗೂ ಇಲ್ಲ ಎನ್ನಲಿಕ್ಕೆ ಬಾರದವರು, ಅಷ್ಟೇ. ಒಮ್ಮೆ ಒಳಗೆ ಕೆಂಪು ಹಸಿರು ದೀಪ ಉರಿಯುವ ಸ್ಕೋಪುಗಳನ್ನು ಒಂದು ಪೆಟ್ಟಿಗೆ ತುಂಬ ತರಿಸಿದರು, ಹಬ್ಬಕ್ಕೆ ತೋರಣ ಕಟ್ಟುವವರ ಹಾಗೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಉಪ್ಪುಗಾಳಿಗೆ ಬ್ಯಾಟರಿಯ ಮನೆಗಳೆಲ್ಲ ಹಸಿರಾಗಿ ಹೋದವು. ದೀಪ ಹೋಯಿತು, ಹಸಿರು ಮಾತ್ರ ಉಳಿಯಿತು. ನಮ್ಮ ಹವೆಗೆ ನೀರು ನುಗ್ಗದಂತೆ ಮುಚ್ಚಿದ, ದೀಪ ಗೀಪ ಇಲ್ಲದ ಸರಳ ಸ್ಕೋಪೇ ಸರಿ ಎಂದು ಆಗಿನಿಂದ ಹೇಳುತ್ತ ಬಂದಿದ್ದೇನೆ. ಆದರೂ ಮಳೆಗಾಲದಲ್ಲಿ ಗಾಜಿನ ಒಳಗೆ ಬೂಷ್ಟು ಹಿಡಿಸಿಕೊಂಡು ಬರುವವರು ಇದ್ದೇ ಇದ್ದರು. ಒಬ್ಬರು ಒಣಗಲೆಂದು ಸ್ಕೋಪನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಅಕ್ಕಿಹುಳ ಸಮೇತ ತಂದಿದ್ದರು. ಗುರಿಯ ಗೆರೆಯ ಮೇಲೆ ಒಂದು ಹುಳ ನಡೆಯುತ್ತಿತ್ತು. ಮುಚ್ಚಳ ಸಡಿಲವಾಗಿದ್ದರೆ ಒಳಗೆ ಹೋಗಲಿಕ್ಕೆ ಅದಕ್ಕೂ ಲೈಸೆನ್ಸು ಬೇಡವಲ್ಲ.

ಚುನಾವಣೆ ಬಂತೆಂದರೆ ನಮ್ಮ ಅಂಗಡಿಗೆ ಸುಗ್ಗಿ. ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಯಲ್ಲೋ ನಮ್ಮಂಥ ಅಂಗಡಿಯಲ್ಲೋ ಒಪ್ಪಿಸಬೇಕು. ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಬಾಣಂತಿಯನ್ನು ಕರೆತಂದಷ್ಟು ಜೋಪಾನವಾಗಿ ತರುತ್ತಿದ್ದರು. ಆದರೆ ಸ್ಕೋಪು ಮಾತ್ರ ಬಿಚ್ಚಿ ಮನೆಯಲ್ಲೇ ಇಟ್ಟು ಬರುತ್ತಿದ್ದರು. ನಾವು ಕದಿಯುತ್ತೇವೆಂಬ ಸಂಶಯ ಒಂದು, ರಾತ್ರಿಯ ವಾಲಿಬಾಲ್ ಪಂದ್ಯಗಳನ್ನು ಹಿಂದಿನ ಸಾಲಿನಿಂದ ನೋಡಲು ಅದು ಬೇಕಿತ್ತೆಂಬುದು ಇನ್ನೊಂದು. ಚುನಾವಣೆ ಮುಗಿದು ಕೋವಿ ವಾಪಸು ಹೋದ ಮೇಲೆ ತಾವೇ ಸ್ಕ್ರೂ ತಿರುಗಿಸಿ ಕೂರಿಸಿ, ಗುರಿ ಹೋಯಿತೆಂದು ನನ್ನ ಮೇಲೆ ಹಾರಾಡುತ್ತಿದ್ದರು. ಸ್ಕೋಪು ಬಿಚ್ಚಿ ಮತ್ತೆ ಹಾಕಿದರೆ ಮತ್ತೆ ಹೊಡೆದು ನೋಡಿ ಗುರಿ ಕೂರಿಸಬೇಕು ಎಂದರೆ ನಂಬುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮವರು ಒಂದು ಹೆಜ್ಜೆ ಮುಂದೆ. ನೆಲ ಮಾರಿದವಳೇ ಡೊಂಕು ಎನ್ನುತ್ತಾರೆ.

ನಾನು ಕೆಲಸ ಬಿಡುವ ಮೊದಲು ಇನ್ನೊಂದು ಪಂಗಡ ಬಂದಿತ್ತು. ಇವರು ಫೋನಿನಲ್ಲಿ ವೀಡಿಯೋ ನೋಡಿ ಪಂಡಿತರಾದವರು. ಯಾವುದೋ ದೇಶದ ಮರುಭೂಮಿಯಲ್ಲಿ ಮಲಗಿಕೊಂಡು ಯಾರೋ ಮೈಲಿ ದೂರದ ತಗಡಿಗೆ ಹೊಡೆಯುತ್ತಾನೆ. ಇವರಿಗೆ ಅದೇ ಸ್ಕೋಪು ಬೇಕು. ಅಲ್ಲಿ ಮರುಭೂಮಿ, ಇಲ್ಲಿ ನಾಲ್ಕು ಹೆಜ್ಜೆಗೊಬ್ಬರ ಕಾಂಪೌಂಡು. ಪಾರ್ಸೆಲಿನಲ್ಲಿ ತರಿಸಿ, ಅದರ ಬಳೆಗಳು ಟೂಟೂ ಕೋವಿಯ ಬೆನ್ನ ಮೇಲಿನ ಸಣ್ಣ ಕಚ್ಚಿಗೆ ಕೂರದೆ, ಸೈಕಲ್ ಟ್ಯೂಬಿನ ತುಂಡು ಕೊಟ್ಟು ಬಿಗಿದು ತರುತ್ತಿದ್ದರು. ಎರಡು ಗುಂಡು ಹೊಡೆದರೆ ಸ್ಕೋಪು ಮೂಡಣಕ್ಕೆ, ಕೋವಿ ಪಡುವಣಕ್ಕೆ.

ಸದಾನಂದಣ್ಣ ಅಂಗಡಿಗೆ ಬಂದದ್ದು ಇಂಥವರೇ ತುಂಬಿದ್ದ ಒಂದು ವರ್ಷ. ಹಾಲಾಡಿ ಜಂಕ್ಷನ್ನಿನಲ್ಲಿ ಖಾಸಗಿ ಬಸ್ಸಿನ ಏಜೆಂಟರು. ಬಸ್ಸು ಬಂದು ನಿಂತರೆ ಊರೂರಿನ ಹೆಸರು ಕೂಗಿ ಜನ ಹತ್ತಿಸುವುದು ಅವರ ಕೆಲಸ. ಆ ಗಂಟಲಿಗೆ ಹೊರಟ ಬಸ್ಸೂ ನಿಲ್ಲುತ್ತಿತ್ತು. ಆದರೆ ಅಂಗಡಿಗೆ ಬಂದವರು ಆ ದಿನ ಪಿಸುಮಾತಿನಲ್ಲಿ ಮಾತಾಡಿದರು.

"ವನಜಕ್ಕ, ಒಂದ್ ದುರ್ಬೀನ್ ಬೇಕಿತ್. ಯಾರಿಗೂ ಹೇಳ್ಬೇಡಿ."

"ದುರ್ಬೀನ್ ತಕಂಬ್ದ್ ಎಂತ ಕಳ್ಳತನವಾ ಸದಾನಂದಣ್ಣ? ನೀವ್ ಈವರೆಗೆ ಬರಿಗಣ್ಣಗೇ ಹೊಡಿತಿದ್ರಿ ಅಲ್ದಾ?"

ಹೌದು, ಕ್ಲಬ್ಬಿನ ತಂಡದಲ್ಲಿ ಅವರದು ಬಹಳ ಹಳೆಯ ಜಾಗ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆಯ ಕ್ಲಬ್ಬುಗಳು ಸೇರಿ ವರ್ಷಕ್ಕೊಮ್ಮೆ ಗೆರಟೆ ಒಡೆಯುವ ಪಂದ್ಯ ನಡೆಸುತ್ತಿದ್ದವು. ಒಂದೊಂದು ಕ್ಲಬ್ಬಿನಿಂದ ನಾಲ್ಕು ಜನ. ನಮ್ಮ ನಾಲ್ವರಲ್ಲಿ ಸದಾನಂದಣ್ಣ ಇಲ್ಲದ ವರ್ಷವೇ ಇಲ್ಲ. ಅಪ್ಪನ ಕಾಲದ ಟೂಟೂ ಕೋವಿ, ಗುರಿ ಹಿಡಿಯಲು ಅದರ ಮೂತಿಯ ಮೇಲಿನ ಕಬ್ಬಿಣದ ಮೊಳೆ, ಅಷ್ಟೇ ಅವರ ಸಾಮಾನು. ಈಗ ಕಣ್ಣಿಗೆ ಚಾಳೀಸು ಬಂದಿತ್ತು. ಕನ್ನಡಕ ಹಾಕಿದರೆ ಕೋವಿಯ ಮೇಲಿನ ಮೊಳೆ ಕಾಣುತ್ತದೆ, ಗೆರಟೆ ಮಸುಕು. ತೆಗೆದರೆ ಗೆರಟೆ ಕಾಣುತ್ತದೆ, ಮೊಳೆ ಮಸುಕು. ಹಿಂದಿನ ತಿಂಗಳ ಅಭ್ಯಾಸದಲ್ಲಿ ಒಂದೂ ಗೆರಟೆ ಒಡೆಯಲಿಲ್ಲವಂತೆ. ಕ್ಲಬ್ಬಿನ ಅಧ್ಯಕ್ಷರು ಕೋಟದವರು, ಮುಂಬಯಿಯಲ್ಲಿ ಹೋಟೆಲು. ಅವರು ಎಲ್ಲರೆದುರು, "ಏಜೆಂಟ್ರಿಗ್ ಇನ್ ರೆಸ್ಟ್ ಕೊಡ್ವ" ಎಂದಿದ್ದರಂತೆ. ಆ ಜಾಗಕ್ಕೆ ಅಧ್ಯಕ್ಷರ ಅಕ್ಕನ ಮಗ ಬರುವವನಿದ್ದ. ಅಳಿಯಸಂತಾನದ ನಮ್ಮ ಕಡೆ ಸೋದರಳಿಯನೆಂದರೆ ಮಗನಿಗಿಂತ ಒಂದು ಮೆಟ್ಟಿಲು ಮೇಲೆ, ಗೊತ್ತಲ್ಲ. ಸದಾನಂದಣ್ಣ ಗಲಾಟೆ ಮಾಡಿದ್ದಕ್ಕೆ ಬರುವ ಭಾನುವಾರ ಇಬ್ಬರಿಗೂ ಪರೀಕ್ಷೆ ಎಂದಾಗಿತ್ತು.

"ಹೋಗ್ಲಿ ಬಿಡಿ ಅಣ್ಣ, ಗೆರಟೆ ಒಡದ್ ಎಂತ ಸಿಕ್ಕತ್ತ್?" ಎಂದೆ, ಸಮಾಧಾನಕ್ಕೆ.

ಅವರು ನನ್ನನ್ನೇ ನೋಡಿದರು. "ಜಂಕ್ಷನ್‌ನಗೆ ನಂಗೆ ಹೆಸ್ರಿಲ್ಲೆ ಅಕ್ಕ. ಏಜೆಂಟ್ರೇ ಅಂತ್ರ್, ಇಲ್ದಿದ್ರೆ ಬಸ್ಸಿನ ಹೆಸ್ರ್ ಹಿಡ್ದ್ ಕರಿತ್ರ್. ನಮ್ಮ್ ಮನೆ ಬದಿಯರೂ ಹಾಂಗೇ. ಪಂದ್ಯದ ದಿವ್ಸ ಮೈಕಂಗೆ ಒಂದ್ ಸಲ ಸದಾನಂದ ಅಂತ್ರಲೆ, ಅದೊಂದೇ. ಅದೂ ಹೋರೆ ನಾ ಯಾರ್ ಹೇಳಿ?"

ನನ್ನನ್ನೂ ಊರು "ಕೋವಿ ಅಂಗಡಿ ಹೆಂಗ್ಸ್" ಎಂದೇ ಗುರುತಿಸುತ್ತಿತ್ತು.

ಅಷ್ಟರಲ್ಲಿ ಅವರು ಎದುರಿಗಿದ್ದ ಅತಿ ದೊಡ್ಡ ಸ್ಕೋಪು ಎತ್ತಿಕೊಂಡು, ನಿರೀಕ್ಷೆಯಂತೆಯೇ, ಹಿಂಬಾಗಿಲಿಗೆ ಹೊರಟಾಗಿತ್ತು. "ಅಳಿಯಂದ್ ಇದಕ್ಕಿಂತ ದೊಡ್ಡದ್ ಅಂಬ್ರ್!" ಎಂದು ಗಂಗೊಳ್ಳಿ ಕಡೆ ಕಣ್ಣಿಟ್ಟರು. ನನಗೆ ಗೊತ್ತಿತ್ತು. ಅಳಿಯನಿಗೆ ಅದನ್ನು ಮಾರಿದ್ದು ಧಣಿಗಳೇ. ಅವನು ಒಂದೇ ಬಾರಿಗೆ ಮೂರು ಬೋಟಿನ ಹೆಸರು ಓದಿದ್ದ.

ನಾನು ಸದಾನಂದಣ್ಣನ ಕೈಯಿಂದ ಸ್ಕೋಪು ಕಿತ್ತುಕೊಂಡು, ಹಿಂಬಾಗಿಲಿಗೆ ಚಿಲಕ ಹಾಕಿದೆ. ಕೌಂಟರಿನ ಕೆಳಗಿನಿಂದ ನಾಲ್ಕು ಪಟ್ಟಿನ ಸಣ್ಣದೊಂದನ್ನು ತೆಗೆದು ಕೊಟ್ಟೆ. ಅವರ ಮುಖ ಇಳಿದು ಹೋಯಿತು.

"ಇದೆಂತ ಅಕ್ಕ, ಊದುಕೊಳವಿ ಹಾಂಗೆ ಇತ್ತ್? ನಂಗೆ ಪಾಪ ಅಂದೇಳಿ ಸಣ್ಣದ್ ಕೊಡ್ತ್ರ್ಯಾ?"

"ಮುಂಬಾಗ್ಲಿಗ್ ಬನ್ನಿ. ಆಚಿ ಬದಿ ಕ್ಷೌರದ ಅಂಗ್ಡಿ ಒಳಗ್ ಕಾಣಿ. ಎಂತ ಕಾಂತ್?"

ರಸ್ತೆ ದಾಟಿದರೆ ಕ್ಷೌರದ ಅಂಗಡಿ, ಹೆಚ್ಚುಕಮ್ಮಿ ಕೋರೆಯಷ್ಟೇ ದೂರ. ಸದಾನಂದಣ್ಣ ಕಣ್ಣಿಟ್ಟರು. ಕನ್ನಡಕ ಕಿಸೆಯಲ್ಲಿತ್ತು. ಸ್ಕೋಪಿನ ಹಿಂದಿನ ಉಂಗುರವನ್ನು ತಿರುಗಿಸಿ ಅವರ ಕಣ್ಣಿಗೆ ಹೊಂದಿಸಿಕೊಟ್ಟೆ.

"ಕುರ್ಚಿಯಗ್ ಕೂತವ್ನ್ ಕಿವಿ ಮೇಲಿನ ರೋಮ ಕಾಂತ್!" ಎಂದರು. ಈ ಸಲ ಪಿಸುಮಾತಲ್ಲ. ಕ್ಷೌರದ ಕುರ್ಚಿಯಲ್ಲಿದ್ದವನು ಬೆಚ್ಚಿ ಕಿವಿ ಮುಟ್ಟಿಕೊಂಡ. "ಗೆರೆಯೂ ಕಾಂತ್, ಕಿವಿಯೂ ಕಾಂತ್, ಎರಡೂ ಒಟ್ಟಿಗೆ!"

ಚಾಳೀಸಿನವರಿಗೆ ಸ್ಕೋಪಿನ ಉಪಕಾರ ಇಷ್ಟೇ. ಗುರಿಯ ಗೆರೆಯನ್ನೂ ಗುರಿಯನ್ನೂ ಒಂದೇ ದೂರದಲ್ಲಿಟ್ಟು ತೋರಿಸುತ್ತದೆ. ಅದಕ್ಕೆ ನಾಲ್ಕು ಪಟ್ಟು ಸಾಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತೆ ಕೋವಿಗಿಂತ ದುಬಾರಿ ಸ್ಕೋಪು ಹೊರಿಸಬೇಡಿ. ಉಳಿದ ಹಣಕ್ಕೆ ತೋಟೆ ಕೊಳ್ಳಿ, ಅಭ್ಯಾಸ ಮಾಡಿ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ. ಕೇಳಿದವರು ಸದಾನಂದಣ್ಣ ಒಬ್ಬರೇ ಇರಬೇಕು. ಅವರೂ ಕೇಳಿದ್ದು ಅವರ ಹತ್ತಿರ ದೊಡ್ಡದಕ್ಕೆ ದುಡ್ಡಿಲ್ಲದ್ದರಿಂದ.

ಬಳೆಗಳನ್ನು ನಾನೇ ಬಿಗಿದೆ. ಕೋರೆಗೆ ಹೋಗಿ ಗುರಿ ಕೂರಿಸುವ ದಿನ ಅವರ ಜೊತೆ ನಾನೂ ಹೋದೆ. ಮೊದಲ ಗುಂಡುಗಳೆಲ್ಲ ಕೆಳಗೆ ಬಿದ್ದವು. ಸ್ಕೋಪು ನಳಿಗೆಯ ಮೇಲೆ ಎತ್ತರದಲ್ಲಿ ಕೂತಿರುತ್ತದೆ. ಹತ್ತಿರದ ಗುರಿಗೆ ಆ ಎತ್ತರವೇ ದೊಡ್ಡ ವ್ಯತ್ಯಾಸ ಮಾಡುತ್ತದೆ. ಗುರಿ ಏರಿಸಲು ಸ್ಕೋಪಿನ ಮೇಲಿನ ಗುಬ್ಬಿಯನ್ನು, ಆ ಸಣ್ಣ ತಿರುಪನ್ನು, ಟಿಕ್ ಟಿಕ್ ಎಂದು ತಿರುಗಿಸಬೇಕು. ಸದಾನಂದಣ್ಣ ಒಂದೇ ಟಿಕ್ ತಿರುಗಿಸಿ ಹೊಡೆದು, ಏನೂ ಬದಲಾಗಲಿಲ್ಲವೆಂದು ನನ್ನ ಕಡೆ ನೋಡಿದರು.

"ಆ ಟಿಕ್ಕಿನ ಲೆಕ್ಕ ದೂರದ ಗುರಿದ್. ಇಷ್ಟ್ ಹತ್ರಕ್ಕೆ ಅದ್ರ್ ನಾಕ್ ಪಟ್ಟ್ ತಿರ್ಗಿಸ್ಕ್" ಎಂದೆ.

ತಿರುಗಿಸಿದರು, ತಪ್ಪು ದಿಕ್ಕಿಗೆ. ಗುಂಡು ಇನ್ನೂ ಕೆಳಗೆ ಹೋಗಿ ಮಣ್ಣು ಹಾರಿತು. ಗುಬ್ಬಿಯ ಮೇಲೆ ಬಾಣದ ಗುರುತು ಇದೆ, ಓದಲಿಕ್ಕೆ ಚಾಳೀಸು ಬೇಕು, ಅದು ಕಿಸೆಯಲ್ಲಿ. ಇಬ್ಬರೂ ಒಬ್ಬರಿಗೊಬ್ಬರು ಬೈದುಕೊಂಡೆವು. ಸಂಜೆಯಾಗುವಷ್ಟರಲ್ಲಿ ಗೆರಟೆಗಳು ಒಡೆಯತೊಡಗಿದವು. ಒಡೆದ ಒಂದೊಂದಕ್ಕೂ ಸದಾನಂದಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು.

ಭಾನುವಾರ ಕೋರೆಯಲ್ಲಿ ಜನವೋ ಜನ. ಅಧ್ಯಕ್ಷರು ಕೊಡೆಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ತೀರ್ಪುಗಾರರು ನಮ್ಮ ಧಣಿಗಳು, ಗಿರಾಕಿ ಬಂದಾಗ ಮಾತ್ರ ಕಣ್ಣು ಕಾಣದವರು, ಯಾರಿಗೂ ಇಲ್ಲ ಎನ್ನಲಾರದವರು. ಅಳಿಯನ ಕೋವಿಯ ಮೇಲೆ ಸ್ಕೋಪು ಕೂತದ್ದೋ, ಸ್ಕೋಪಿನ ಅಡಿಗೆ ಕೋವಿ ಸಿಕ್ಕಿಕೊಂಡದ್ದೋ ಹೇಳುವುದು ಕಷ್ಟವಿತ್ತು. ಹುಡುಗ ಕೆಟ್ಟವನೇನಲ್ಲ. ಮಾವ ಹೊರಿಸಿದ್ದನ್ನು ಹೊತ್ತಿದ್ದ. ಎರಡು ಹಗ್ಗಗಳಲ್ಲಿ ಐದೈದು ಗೆರಟೆ, ಎಡದ್ದು ಅಳಿಯನಿಗೆ, ಬಲದ್ದು ಸದಾನಂದಣ್ಣನಿಗೆ.

ಮೊದಲು ಅಳಿಯ. ಕಣ್ಣಿಟ್ಟ. ಕೋವಿಯ ಮೂತಿ ಕೋರೆಯ ಗೋಡೆಯ ಮೇಲೆ ನಿಧಾನಕ್ಕೆ ಮೇಯುತ್ತ ಹೋಯಿತು. ನಾವೆಲ್ಲ ಕಾದೆವು. ಅಧ್ಯಕ್ಷರು, "ಏಕಾಗ್ರತೆ ಕಾಣಿ, ಏಕಾಗ್ರತೆ" ಎಂದರು. ಗೆರಟೆ ಹುಡುಕುತ್ತಿದ್ದಾನೆಂದು ನನಗೆ ಗೊತ್ತಿತ್ತು. ಕಡೆಗೂ ಏನೋ ಮಸುಕು ಮಸುಕಾಗಿ ಸಿಕ್ಕಿತೆಂದು ಕಾಣುತ್ತದೆ, ಹೊಡೆದ. ಒಂದು ಗೆರಟೆ ಚೂರಾಯಿತು. ಚಪ್ಪಾಳೆ! ಆದರೆ ಚೂರಾದದ್ದು ಬಲಗಡೆಯ ಹಗ್ಗದ್ದು, ಸದಾನಂದಣ್ಣನದು.

"ಒಡಿತಲೆ! ಲೆಕ್ಕಕ್ ಹಿಡಿನಿ" ಎಂದರು ಅಧ್ಯಕ್ಷರು.

ಧಣಿಗಳು ನನ್ನ ಕಡೆ ನೋಡಿದರು. ನಾನು ಕೆಮ್ಮಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಕೆಮ್ಮುವ ಸರದಿ ನನ್ನದಾಗಿತ್ತು. ಧಣಿಗಳು ಬೆವರು ಒರೆಸಿಕೊಂಡು, "ಹಗ್ಗ ತಪ್ಪಿತ್ ಅಧ್ಯಕ್ಷರೇ. ಲೆಕ್ಕಕ್ ಬತ್ತಿಲ್ಲೆ" ಎಂದರು. ಉಳಿದ ಗುಂಡುಗಳು ಯಾವ ಹಗ್ಗಕ್ಕೂ ಹೋಗಲಿಲ್ಲ. ಅಧ್ಯಕ್ಷರು ಗಾಳಿ ಜೋರಿದೆ ಎಂದರು. ಮೂರು ಕಡೆ ಗೋಡೆ ಇದ್ದ ಆ ಗುಂಡಿಯಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಸದಾನಂದಣ್ಣನಿಗೆ ಹೊಸ ಗೆರಟೆ ಕಟ್ಟಿದರು. ಅವರು ಅವಸರ ಮಾಡಲಿಲ್ಲ. ಐದಕ್ಕೆ ನಾಲ್ಕು ಒಡೆದರು. ಐದನೆಯದರ ಅಂಚು ಹಾರಿತು, ಅದನ್ನು ಧಣಿಗಳು ಲೆಕ್ಕಕ್ಕೆ ಹಿಡಿಯಲಿಲ್ಲ, ಸದಾನಂದಣ್ಣ ಕೇಳಲೂ ಇಲ್ಲ. ಜನ ಕೂಗಿದರು. ನಾನಂತೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಶಿಳ್ಳೆ ಹೊಡೆಯುವುದೊಂದು ಬಾಕಿ.

ಅಧ್ಯಕ್ಷರು ಎದ್ದು ಬಂದರು. ಸದಾನಂದಣ್ಣನ ಮುಖ ನೋಡಲಿಲ್ಲ. ಬಗ್ಗಿ ಸ್ಕೋಪು ನೋಡಿದರು. "ಎಂಥಾ ಪೀಸ್ ಮರಾಯ್ರೆ! ಎಲ್ಲಾ ಇದ್ರದ್ದೇ ಮಹಿಮೆ. ಇದ್ ಇದ್ರೆ ಸಣ್ಣ ಮಕ್ಕಳೂ ಹೊಡಿತ್ರ್. ಏಜೆಂಟ್ರೇ, ಒಂದ್ ಕೆಲ್ಸ ಮಾಡಿ. ಇದನ್ನ್ ನಮ್ಮ್ ಅಳಿಯಂಗೆ ಕೊಡಿ. ಪಂದ್ಯಕ್ಕೆ ಅವ ಹೊಡಿಲಿ, ಕ್ಲಬ್ಬಿನ ಮರ್ಯಾದಿ ಪ್ರಶ್ನೆ."

ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಸದಾನಂದಣ್ಣ ಕಿಸೆಯಿಂದ ಚಾಳೀಸು ತೆಗೆದು ಮೂಗಿನ ಮೇಲೆ ಏರಿಸಿ, ಅಲ್ಲೇ ಎಲ್ಲರೆದುರು ಸ್ಕ್ರೂ ಬಿಚ್ಚತೊಡಗಿದ್ದರು. "ತಕಣಿ" ಎಂದು ಸ್ಕೋಪನ್ನು ಅಳಿಯನ ಕೈಗಿಟ್ಟರು. "ಹಾಕ್ಕಂಡ್ ಈಗ್ಳೇ ಹೊಡಿನಿ. ಎಲ್ರೂ ಕಾಂಬ."

ಹುಡುಗ ತನ್ನ ಸ್ಕೋಪು ಕಳಚಿ, ಕೋವಿಗೆ ಅದನ್ನು ಬಿಗಿದ. ಈ ಸಲ ಅವನಿಗೆ ಗೆರಟೆ ಚೆನ್ನಾಗಿಯೇ ಕಂಡಿತು. "ಮಾವ, ಮಸ್ತ್ ಕಾಂತ್!" ಎಂದು ಖುಷಿಯಿಂದ ಹೇಳಿದ ಕೂಡ. ಗೆರೆಯನ್ನು ಸರಿಯಾಗಿ ನಡುವಿಗಿಟ್ಟು ಹೊಡೆದ. ಗುಂಡು ಗೆರಟೆಯ ಪಕ್ಕದಿಂದ ಹಾದು ಹಿಂದಿನ ಗೋಡೆಗೆ ಬಡಿಯಿತು. ಇನ್ನೊಂದು, ಅಲ್ಲಿಗೇ. ಮತ್ತೊಂದು, ಅಲ್ಲಿಗೇ. ಅಷ್ಟೂ ಗುಂಡು ಒಂದೇ ಕಲ್ಲಿಗೆ ಹೋದವು, ಗೆರಟೆಗಳು ಮಾತ್ರ ಹಾಗೆಯೇ ನೇತಾಡುತ್ತಿದ್ದವು.

"ಎಂತಾಯ್ತ್ ಇದಕ್ಕೆ?" ಅಧ್ಯಕ್ಷರು ಸ್ಕೋಪನ್ನೇ ಗದರಿಸಿದರು.

"ಎಂತ ಆಯ್ಲಿಲ್ಲೆ" ಎಂದರು ಸದಾನಂದಣ್ಣ. "ಅದ್ ನನ್ನ್ ಕೋವಿಗ್ ಕೂರ್ಸಿದ್ ಗುರಿ. ಹಾಲಾಡಿ ಟಿಕೇಟ್ ಹಿಡ್ಕಂಡ್ ಬೈಂದೂರ್ ಬಸ್ಸಿಗ್ ಹತ್ತಿರೆ ಹಾಲಾಡಿ ಬತ್ತಾ ಅಧ್ಯಕ್ಷರೇ?"

ನಗು ಕೋರೆಯ ಮೂರೂ ಗೋಡೆಗೆ ಬಡಿದು ವಾಪಸು ಬಂತು. ಅಳಿಯನೂ ನಕ್ಕ. ಸ್ಕೋಪು ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿ, ಮರ್ಯಾದೆಯಿಂದ ತಂದು ಕೊಟ್ಟ. ಪಂದ್ಯಕ್ಕೆ ಇನ್ನೂ ದಿನಗಳಿದ್ದವು, ಮತ್ತೆ ಗುರಿ ಕೂರಿಸಿಕೊಳ್ಳಲು ಸ್ವಲ್ಪ ತೋಟೆ ಹೆಚ್ಚು ಖರ್ಚಾಗುತ್ತಿತ್ತು, ಅಷ್ಟೇ.

ಅಧ್ಯಕ್ಷರಿಗೆ ಈಗ ತಂಡ ಘೋಷಿಸದೆ ದಾರಿಯಿರಲಿಲ್ಲ. ಮೈಕು ಹಿಡಿದು ಮೂವರ ಹೆಸರು, ಊರು, ಹಿರಿಮೆ ಎಲ್ಲ ಹೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಮೈಕು ಸ್ವಲ್ಪ ದೂರ ಹಿಡಿದು, "ನಾಲ್ಕನೆಯದಾಗಿ, ಎಂದಿನಂತೆ, ನಮ್ಮ ಹಾಲಾಡಿಯ ಏಜೆಂಟರು" ಎಂದು ಮುಗಿಸಿ ಕೂರಲು ಹೊರಟರು.

"ಹ್ವಾಯ್!"

ಹೊರಟ ಬಸ್ಸನ್ನು ನಿಲ್ಲಿಸುವ ಆ ಗಂಟಲು. ಅಧ್ಯಕ್ಷರು ಅರ್ಧ ಕೂತವರು ಹಾಗೆಯೇ ನಿಂತರು. ಸದಾನಂದಣ್ಣ ಕೋವಿಯನ್ನು ಬೆಂಚಿನ ಮೇಲಿಟ್ಟು, ಕೈ ಕಟ್ಟಿ ನಿಂತರು.

"ಹೆಸ್ರ್ ಹೇಳಿ" ಎಂದರು.

ಅಧ್ಯಕ್ಷರು ಧಣಿಗಳ ಕಡೆ ಬಗ್ಗಿ ಏನೋ ಕೇಳಿದರು. ಪಂದ್ಯದ ದಿನ ಹೆಸರಿನ ಪಟ್ಟಿ ಓದುತ್ತಿದ್ದವರು ಬೇರೆ, ಅಷ್ಟು ವರ್ಷ ಒಂದೇ ತಂಡಕ್ಕೆ ಹೊಡೆದವರ ಹೆಸರು ಅಧ್ಯಕ್ಷರಿಗೆ ಗೊತ್ತಿರಲಿಲ್ಲ. ಧಣಿಗಳು ಕಿವಿಯಲ್ಲಿ ಹೇಳಿದರು. ಅಧ್ಯಕ್ಷರು ಮೈಕನ್ನು ಮತ್ತೆ ಬಾಯಿಯ ಹತ್ತಿರ ತಂದರು.

"ಸದಾನಂದ" ಎಂದರು.